ಬಿರಡೆ ಮುಟ್ಟುವ ಅಪ್ಪಣೆ

ಈ ಊರಿನಲ್ಲಿ ಪಿಟೀಲು ಹಿಡಿದವರೆಲ್ಲ ನನ್ನ ಕೈಕೆಳಗೆ ಬೆಳೆದವರು. ನಗಬೇಡ. ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಪಿಟೀಲಿನ ಯಾವ ತುದಿ ಗಲ್ಲಕ್ಕೆ, ಯಾವ ತುದಿ ಗೋಡೆಗೆ ಎನ್ನುವುದು ನನಗೆ ಇವತ್ತಿಗೂ ಒಮ್ಮೊಮ್ಮೆ ಅನುಮಾನವೇ. ಆದರೆ ಕಲಿಸಿದವಳು ನನ್ನ ತಂಗಿ. ಆ ತಂಗಿಗೆ ಊಟಕ್ಕೆ ಹಾಕಿದವಳು ನಾನು, ಕಲಿಯಲು ಬಂದವರಿಗೆಲ್ಲ ಕಾಫಿ ಕೊಟ್ಟವಳೂ ನಾನು. ನಾನು ಒಲೆ ಹಚ್ಚದಿದ್ದರೆ ಯಾರ ಕಮಾನು ಏಳುತ್ತಿತ್ತು ಹೇಳು. ಆದ್ದರಿಂದ ಉಳಿದರ್ಧ ನಿಜ.

ನೀನು ಕೆಳಗಿನ ಮನೆಗೆ ಹೊಸದಾಗಿ ಬಂದವಳು. ಮಗಳನ್ನು ನನ್ನ ತಂಗಿಯ ಹತ್ತಿರ ಪಾಠಕ್ಕೆ ಕಳಿಸಬೇಕು ಅನ್ನುತ್ತೀಯ. ಕಳಿಸು, ಬೇಡ ಅನ್ನುವುದಿಲ್ಲ. ಆದರೆ ಮೊದಲು ಗುಬ್ಬಿಯ ಕಥೆ ಕೇಳಿಬಿಡು. ಆಮೇಲೆ ನನ್ನನ್ನು ದೂರಬೇಡ.

ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಮನೆಯಲ್ಲಿ ನೂರು ಗಡಿಯಾರ, ಒಂದಾದರೂ ಸರಿಯಾದ ಹೊತ್ತು ತೋರಿಸುತ್ತಿರಲಿಲ್ಲ. ಯಾರೋ ಗಿರಾಕಿ ಗಡಿಯಾರದ ಬದಲಿಗೆ ಒಂದು ಹಳೆಯ ಪಿಟೀಲು ಕೊಟ್ಟು ಹೋದ. ಪಿಟೀಲು ಒಂದು, ಹೆಣ್ಣುಮಕ್ಕಳು ಇಬ್ಬರು. ಅಪ್ಪ ಇಬ್ಬರನ್ನೂ ನಿಲ್ಲಿಸಿ, ತಾನು ಒಂದು ಸ್ವರ ಎಳೆದು, "ಹೀಗೆ ಅನ್ನಿ" ಎಂದ. ತಂಗಿ ಅಂದಳು. ನಾನು ಅಂದೆ. ನಾನು ಅಂದದ್ದಕ್ಕೆ ಬೀದಿಯ ಆಚೆ ಕಟ್ಟಿದ್ದ ಕುದುರೆ ಹಗ್ಗ ಕಿತ್ತುಕೊಂಡು ಓಡಿತು. ಅಲ್ಲಿಗೆ ತೀರ್ಮಾನವಾಯಿತು. ಪಿಟೀಲು ಅವಳಿಗೆ, ಪಿಟೀಲು ಒರೆಸುವ ಬಟ್ಟೆ ನನಗೆ.

ಅಂದಿನಿಂದ ಅವಳ ಕೈ ಮಹಾರಾಣಿಯ ಕೈ. ಬಿಸಿ ಪಾತ್ರೆ ಮುಟ್ಟಬಾರದು, ಚಾಕು ಹಿಡಿಯಬಾರದು, ನೀರಿನಲ್ಲಿ ಹೆಚ್ಚು ಹೊತ್ತು ಕೈ ನೆನೆಸಬಾರದು. ಬೆರಳ ತುದಿ ಮೆತ್ತಗಾದರೆ ತಂತಿ ಕೊಯ್ಯುತ್ತದಂತೆ. ಇಬ್ಬರ ಪಾತ್ರೆಯೂ ನಾನೇ ತೊಳೆದೆ. ಹೊಟ್ಟೆ ಉರಿಯಲಿಲ್ಲವೇ ಅನ್ನುತ್ತೀಯಾ? ಉರಿಯಿತು. ಆ ಉರಿಯಲ್ಲಿ ಇಡೀ ಊರಿಗೆ ಅಡುಗೆ ಬೇಯಿಸಬಹುದಿತ್ತು. ಆಮೇಲೆ ನನಗೆ ಮದುವೆಯಾಯಿತು, ಯಜಮಾನರು ಹೋದರು, ಒಂದು ಟ್ರಂಕು ಹೊತ್ತುಕೊಂಡು ತಿರುಗಿ ತಂಗಿಯ ಮನೆಗೇ ಬಂದೆ. ಅವಳು ಮದುವೆ ಆಗಿರಲಿಲ್ಲ, ಪಿಟೀಲನ್ನೇ ಕಟ್ಟಿಕೊಂಡಿದ್ದಳು. ನೋಡು, ಆ ಗಂಡ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

ತಂಗಿಗೆ ಕಲಿಸಿದವರು ದೊಡ್ಡ ಮೇಷ್ಟ್ರು. ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪಿಟೀಲಿನ ತಲೆಯ ಹತ್ತಿರ ಮರದ ಕಿವಿಗಳಿರುತ್ತವಲ್ಲ, ಅವೇ ಬಿರಡೆ. ತಿರುಗಿಸಿದರೆ ತಂತಿ ಬಿಗಿಯುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಶ್ರುತಿ ಕೂರುವುದು ಅಲ್ಲೇ. ಆ ಬಿರಡೆಯನ್ನು ಶಿಷ್ಯರು ಮುಟ್ಟುವ ಹಾಗಿಲ್ಲ. ಪಾಠಕ್ಕೆ ಬಂದವರು ಸಾಲಾಗಿ ನಿಂತು ಪಿಟೀಲನ್ನು ಮೇಷ್ಟ್ರ ಕೈಗೆ ಕೊಡಬೇಕು. ಅವರು ಶ್ರುತಿ ಮಾಡಿ ಕೊಟ್ಟ ಮೇಲೆ ನುಡಿಸಬೇಕು. "ಹಸಿ ಕಿವಿಯೋರು ಬಿರಡೆ ತಿರುಗಿಸಿದ್ರೆ ತಂತಿನೂ ಹೋಯ್ತು, ಕಿವಿನೂ ಹೋಯ್ತು" ಅನ್ನುತ್ತಿದ್ದರು. ಯಾವತ್ತೋ ಒಂದು ದಿನ, ಕೊಟ್ಟ ಪಿಟೀಲನ್ನು ಮುಟ್ಟದೆ, "ಇವತ್ತಿಂದ ನೀನೇ ಮಾಡ್ಕೋ" ಅಂದರೆ ಪಾಠ ಮುಗಿಯಿತು ಎಂದು ಅರ್ಥ. ಹಾರವಿಲ್ಲ, ಭಾಷಣವಿಲ್ಲ. ಅಷ್ಟೇ ಅಪ್ಪಣೆ. ಅದು ಸಿಕ್ಕವರು ಹೊರಗೆ ಬಂದು ಬೀದಿಯಲ್ಲಿ ಕುಣಿಯುತ್ತಿದ್ದರು.

ತಂಗಿಗಿಂತ ಆಮೇಲೆ ಸೇರಿದವರಿಗೆ ಸಿಕ್ಕಿತು. ಅವರ ಹಿಂದೆ ಸೇರಿದವರಿಗೂ ಸಿಕ್ಕಿತು. ಇವಳಿಗೆ ಇಲ್ಲ. ಮೇಷ್ಟ್ರಿಗಿಂತ ಚೆನ್ನಾಗಿ ನುಡಿಸುತ್ತಿದ್ದಳು, ಅದೇ ತಪ್ಪು. ಗುರುವಿಗೇ ತಿರುಮಂತ್ರ ಹೇಳುವವಳಿಗೆ ಯಾವ ಗುರು ಬೀಗದ ಕೈ ಕೊಡುತ್ತಾನೆ? ಕೊನೆಗೆ ಅವರ ಬೆರಳ ಗೆಣ್ಣುಗಳು ಊದಿಕೊಂಡು, ಬಿರಡೆ ತಿರುಗಿಸಲು ಆಗದೇ ಹೋದಾಗ, ಮುಖ ಆಚೆ ತಿರುಗಿಸಿಕೊಂಡು "ನೀನೇ ಮಾಡ್ಕೋ" ಅಂದರಂತೆ. ಅವತ್ತು ಮನೆಗೆ ಬಂದು ತಂಗಿ ನನ್ನ ಮುಂದೆ ಹೇಳಿದಳು:

"ಅಕ್ಕ, ನಾನು ಮೇಷ್ಟ್ರಾದ್ರೆ ಯಾರಿಗೂ ಹೀಗೆ ಮಾಡೋದಿಲ್ಲ."

"ಬರೆದಿಟ್ಕೋ" ಎಂದೆ ನಾನು. ಬರೆದಿಡಲಿಲ್ಲ.

ಆಮೇಲೆ ಅವಳಿಗೆ ಊರಿನ ದೊಡ್ಡ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಪಿಟೀಲಿನವರ ಸಾಲಿನಲ್ಲಿ ಎರಡನೆಯ ಕುರ್ಚಿ. ಮೊದಲ ಕುರ್ಚಿಯಲ್ಲಿ ಒಬ್ಬ ಮುದುಕ. ನಾವು ಅವನಿಗೆ ಇಟ್ಟ ಹೆಸರು ಗೂಟ. ಇಬ್ಬರಿಗೂ ಸೇರಿ ಮುಂದೆ ಒಂದೇ ಸ್ಟ್ಯಾಂಡು, ಅದರ ಮೇಲೆ ಸ್ವರ ಬರೆದ ಪುಸ್ತಕ. ಪುಟ ಮುಗಿದಾಗ ಮೊದಲ ಕುರ್ಚಿಯವನು ನುಡಿಸುತ್ತಲೇ ಇರುತ್ತಾನೆ. ಎರಡನೆಯವಳು ಕಮಾನು ನಿಲ್ಲಿಸಿ, ಎದ್ದು ಬಗ್ಗಿ, ಪುಟ ತಿರುಗಿಸಬೇಕು. ಜನ ನೋಡುವುದು ಅವನನ್ನು, ಚಪ್ಪಾಳೆಗೆ ಏಳುವುದು ಅವನು, ಹೂಗುಚ್ಛ ಅವನಿಗೆ. ನಮ್ಮವಳ ಆಯುಷ್ಯದ ಅರ್ಧ ಸ್ವರ ಪುಟ ತಿರುಗಿಸುವುದರಲ್ಲೇ ಹೋಯಿತು. ಮನೆಗೆ ಬಂದರೆ ಶೂ ಬಿಚ್ಚುವ ಮೊದಲೇ ಶುರು:

"ಇವತ್ತು ಆ ಗೂಟ ಮೂರು ಕಡೆ ಅಪಸ್ವರ ಹೊಡೆದ. ಯಾರಿಗೂ ಕೇಳಿಸಲಿಲ್ಲ."

"ನಿನಗೆ ಕೇಳಿಸ್ತಲ್ಲ ತಾಯಿ, ಊರಿಗೆಲ್ಲ ಕೇಳಿಸಿದ ಹಾಗೇ ಆಯ್ತು. ಊಟ ಆರಿಹೋಗ್ತಿದೆ, ಬಾ."

ಅವನು ಯಾವಾಗ ಏಳುತ್ತಾನೋ, ತಾನು ಯಾವಾಗ ಕೂರುತ್ತೇನೋ, ಅದೊಂದೇ ಜಪ. ಕೂದಲು ನೆರೆಯಿತು. ಗೂಟ ಅಲ್ಲಾಡಲಿಲ್ಲ.

ಆ ಹೊತ್ತಿನಲ್ಲಿ ನಮ್ಮ ಮನೆಗೆ ಗುಬ್ಬಿ ಬಂದಳು. ಎದುರುಗಡೆ ದರ್ಜಿಯ ಮಗಳು. ಎಷ್ಟು ಸಣ್ಣಗಿದ್ದಳು ಎಂದರೆ, ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು ಬಂದಾಗ ಪೆಟ್ಟಿಗೆಯೇ ಅವಳನ್ನು ಎತ್ತಿಕೊಂಡು ಬಂದ ಹಾಗಿತ್ತು. ತಂಗಿ ಮೊದಲೆರಡು ವರ್ಷ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿದಳು. "ಅಕ್ಕ, ಈ ಹುಡುಗಿ ಕಿವಿ ನೋಡು, ಬಂಗಾರ" ಅನ್ನುತ್ತಿದ್ದಳು. ಬರಬರುತ್ತ ಬಂಗಾರ ಅನ್ನುವುದು ನಿಂತಿತು. ಯಾಕೆ ಅನ್ನುವುದು ನನಗೆ ಒಂದು ಸಂಜೆ ತಿಳಿಯಿತು. ತಂಗಿ ತಾನು ವರ್ಷಗಟ್ಟಲೆ ಉಜ್ಜಿದ ಒಂದು ಕಷ್ಟದ ಪಾಠವನ್ನು ಗುಬ್ಬಿಗೆ ಕೊಟ್ಟಿದ್ದಳು. ಮುಂದಿನ ವಾರ ಆ ಹುಡುಗಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀರು ಕುಡಿದಷ್ಟು ಸುಲಭವಾಗಿ ಅದನ್ನು ನುಡಿಸಿಬಿಟ್ಟಳು. ನಾನು ಅಡುಗೆಮನೆಯಲ್ಲಿದ್ದೆ. ಹಾಲು ಉಕ್ಕಿ ಒಲೆ ಆರಿದ್ದೂ ನನಗೆ ಗೊತ್ತಾಗಲಿಲ್ಲ. ಸಂಗೀತ ಬಾರದ ನನ್ನ ಕಥೆಯೇ ಹಾಗಾದರೆ ಬಲ್ಲವಳ ಕಥೆ ಏನಾಗಿರಬೇಡ!

ಊಟಕ್ಕೆ ಕೂತಾಗ ಕೇಳಿದೆ: "ಹೇಗೆ ನುಡಿಸಿದ್ಳು?"

"ಪರವಾಗಿಲ್ಲ."

"ಪರವಾಗಿಲ್ಲ ಅಂತೀಯ, ಮತ್ತೆ ತಟ್ಟೆಯಲ್ಲಿರೋದನ್ನೆಲ್ಲ ಯಾಕೆ ಬೆರಳಲ್ಲಿ ಹಿಸುಕ್ತಾ ಕೂತಿದ್ದೀಯ?"

"ಅಕ್ಕ, ನಿನಗೆ ಸಂಗೀತ ಗೊತ್ತಿಲ್ಲ, ಸುಮ್ನಿರು."

"ಸಂಗೀತ ಗೊತ್ತಿಲ್ಲ, ಹೊಟ್ಟೆಕಿಚ್ಚು ಗೊತ್ತು. ಅದರಲ್ಲಿ ನಾನೇ ನಿನಗೆ ಗುರು."

ತಟ್ಟೆ ತಳ್ಳಿ ಎದ್ದು ಹೋದಳು.

ದೊಡ್ಡ ಮೇಷ್ಟ್ರ ಕಟ್ಟಳೆಯನ್ನೇ ತಂಗಿಯೂ ಇಟ್ಟುಕೊಂಡಿದ್ದಳು. ಶಿಷ್ಯರು ಬಿರಡೆ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಶ್ರುತಿ ಇಳಿದರೂ ಗುಬ್ಬಿ ಬೀದಿ ದಾಟಿ ಓಡಿ ಬರುತ್ತಿದ್ದಳು. "ಟೀಚರ್, ಇದು ಸ್ವಲ್ಪ ಅಳ್ತಿದೆ ನೋಡಿ" ಎಂದು ಪಿಟೀಲು ಚಾಚುತ್ತಿದ್ದಳು. ಒಮ್ಮೆ ಮನೆಯಲ್ಲಿ ಯಾರಿಗೂ ಹೇಳದೆ ತಿರುಗಿಸಲು ಹೋಗಿ, ತೆಳು ತಂತಿ ಫಟ್ಟೆಂದು ಕಿತ್ತು ಕೆನ್ನೆಗೆ ಬಾರಿಸಿತು. ಬಾಸುಂಡೆ ಎದ್ದಿತ್ತು. ಆಮೇಲೆ ಬಿರಡೆ ಎಂದರೆ ಹಾವು ಕಂಡ ಹಾಗೆ. ಆದರೂ ಆಗಾಗ ಆಸೆಯಿಂದ ಕೇಳುತ್ತಿದ್ದಳು:

"ಟೀಚರ್, ಇವತ್ತು ನಿಮ್ಮ ಮುಂದೆ ನಾನೇ ಮಾಡ್ಲಾ?"

"ಕಿವಿ ಇನ್ನೂ ಹಣ್ಣಾಗಿಲ್ಲ."

ಗೊರಕೆಯನ್ನೂ ಅಪಸ್ವರದಲ್ಲಿ ಹೊಡೆಯುವ ಬ್ಯಾಂಕಿನ ಗುಮಾಸ್ತನಿಗೆ ಅಪ್ಪಣೆ ಸಿಕ್ಕಿತು. ಕಮಾನನ್ನು ಪೊರಕೆಯ ಹಾಗೆ ಹಿಡಿಯುವ ಅವನ ಹೆಂಡತಿಗೂ ಸಿಕ್ಕಿತು. ಗುಬ್ಬಿಗೆ ಇಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ:

"ಅವರಿಗೆಲ್ಲ ಕೊಟ್ಟೆ, ಈ ಕೂಸಿಗ್ಯಾಕೆ ಇಲ್ಲ?"

"ಅವರು ಎಲ್ಲಿಗೂ ಹೋಗೋರಲ್ಲ" ಎಂದಳು ತಂಗಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ನನ್ನ ಮುಖ ನೋಡಲಿಲ್ಲ.

ಹೀಗಿರುವಾಗ ಗೂಟ ಎದ್ದಿತು. ಮುದುಕನಿಗೆ ಕಣ್ಣು ಮಂಜಾಗಿ, ಪುಟ ಕಾಣದೆ ಬಗ್ಗಿ ಬಗ್ಗಿ ಸ್ಟ್ಯಾಂಡನ್ನೇ ಬೀಳಿಸಿದ ಮೇಲೆ ಅವನನ್ನು ಮನೆಗೆ ಕಳಿಸಿದರು. ಮೊದಲ ಕುರ್ಚಿ ಖಾಲಿ. ತಂಗಿ ಆ ದಿನ ಮನೆಯೊಳಗೆ ನಡೆಯಲಿಲ್ಲ, ತೇಲಿದಳು. ಹೊಸ ಕಪ್ಪು ಬಟ್ಟೆ ಹೊಲಿಸಲು ದರ್ಜಿಗೆ ಅಳತೆ ಕೊಟ್ಟಳು. ಆದರೆ ವಾದ್ಯವೃಂದದವರು, ಸುಮ್ಮನೆ ಪಕ್ಕದವಳನ್ನು ಎತ್ತಿ ಕೂರಿಸುವುದಿಲ್ಲ, ಬಂದವರೆಲ್ಲ ಪರದೆಯ ಹಿಂದೆ ನುಡಿಸಲಿ, ಮುಖ ನೋಡದೆ ಆರಿಸುತ್ತೇವೆ ಎಂದರು.

"ಪರದೆ ಇದ್ರೆ ಇನ್ನೂ ಒಳ್ಳೇದು" ಎಂದಳು ತಂಗಿ. "ನನ್ನ ನೆರೆಗೂದಲು ಕಾಣಲ್ಲ."

ಅವಳು ಕಮಾನಿಗೆ ರಾಳ ಉಜ್ಜುತ್ತ ಕೂತಿದ್ದಾಗ ಗುಬ್ಬಿ ಮೆಟ್ಟಿಲು ಹಾರಿ ಹಾರಿ ಬಂದಳು. ಅಷ್ಟೊತ್ತಿಗೆ ಅವಳು ಕೂಸಲ್ಲ, ಮದುವೆಯ ವಯಸ್ಸಿನವಳು. ಆದರೂ ಗುಬ್ಬಿ ಗುಬ್ಬಿಯೇ.

"ಟೀಚರ್! ದೊಡ್ಡಮ್ಮ! ಆ ಮೊದಲ ಕುರ್ಚಿಗೆ ನಾನೂ ನುಡಿಸ್ಬೇಕಂತೆ! ಮ್ಯಾನೇಜರು ನಮ್ಮಂಗಡಿಗೆ ಕೋಟು ಹೊಲಿಸೋಕೆ ಬಂದಿದ್ರು, ಮೇಲೆ ನಾನು ಅಭ್ಯಾಸ ಮಾಡ್ತಿದ್ದೆ, ಕೇಳಿಸ್ಕೊಂಡು ಅಪ್ಪನ ಹತ್ರ ಹೇಳಿ ಹೋದ್ರು."

ರಾಳದ ಗಡ್ಡೆ ತಂಗಿಯ ಕೈಯಿಂದ ಬಿದ್ದು ಎರಡಾಯಿತು.

"ಹೋಗು. ಯಾರು ಬೇಡ ಅಂದ್ರು?"

"ನೀವೂ ಇರ್ತೀರಲ್ಲಾ ಟೀಚರ್?"

"ಇರ್ತೀನಿ."

"ಅಬ್ಬ, ಸದ್ಯ! ಹಾಗಾದ್ರೆ ಶ್ರುತಿಗೆ ಚಿಂತೆ ಇಲ್ಲ. ನೀವೇ ಮಾಡಿ ಕೊಡ್ತೀರಿ."

ಕೇಳಿದೆಯಾ? ನಗಬೇಕೋ ಅಳಬೇಕೋ ತಿಳಿಯದೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಒಂದೇ ಎಲುಬಿಗೆ ಎರಡು ಹಲ್ಲು. ಅದರಲ್ಲಿ ಒಂದು ಹಲ್ಲು ಇನ್ನೊಂದನ್ನು, ನನ್ನನ್ನು ಸ್ವಲ್ಪ ಉಜ್ಜಿಕೊಡು ಎಂದು ಕೇಳುತ್ತಿದೆ. ಆ ಹುಡುಗಿಯ ತಲೆಯಲ್ಲಿ ಟೀಚರ್ ಎಂದರೆ ಟೀಚರ್. ಎದುರಾಳಿ ಅನ್ನುವ ಮಾತು ಒಳಗೆ ಹೊಕ್ಕೇ ಇರಲಿಲ್ಲ.

ಆ ದಿನ ಬರುವವರೆಗೆ ತಂಗಿ ಅವಳಿಗೆ ಬರೀ ಮೊದಲ ಪಾಠಗಳನ್ನೇ ತಿರುತಿರುಗಿ ನುಡಿಸಲು ಹೇಳಿದಳು, ಮೊನ್ನೆ ಸೇರಿದ ಮಗುವಿಗೆ ಕೊಡುವಂಥವು. ಗುಬ್ಬಿ ಅವನ್ನೂ ಎಂಥ ಚೆಂದ ನುಡಿಸಿದಳು ಎಂದರೆ, ಪಾಠ ಮುಗಿದ ಮೇಲೆ ತಂಗಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಮುಖ ತೊಳೆಯುವ ಸದ್ದು ಕೇಳುತ್ತಿರಲಿಲ್ಲ. ನೀರು ಮಾತ್ರ ಹರಿಯುತ್ತಿತ್ತು.

ಸಭಾಂಗಣದ ಹಿಂದೆ ಒಂದು ಕೋಣೆ. ಗೋಡೆಗೆ ಉದ್ದದ ಕನ್ನಡಿ, ಮಡಿಚುವ ಕುರ್ಚಿಗಳು, ತಣ್ಣಗೆ ಕೊರೆಯುವ ಗಾಳಿ ಬಿಡುವ ಒಂದು ಯಂತ್ರ. ಒಳಬಾಗಿಲಿನಿಂದ ಪರದೆಯವರೆಗೆ ನೆಲಕ್ಕೆ ಕಂಬಳಿ ಹಾಸಿದ್ದರು. ಹೆಜ್ಜೆ ಸದ್ದಿನಿಂದ ಹೆಂಗಸೋ ಗಂಡಸೋ ಎಂದು ತಿಳಿಯಬಾರದಂತೆ. ಮ್ಯಾನೇಜರು ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಿದ್ದರು. ತೋರಿಸಿದವರು ಒಳಗೆ ಹೋಗಬೇಕು. ಗುಬ್ಬಿಯ ಸರದಿ ಮೊದಲು, ಅವಳ ಹಿಂದೆಯೇ ತಂಗಿಯದು. ನಾನು ಕಾಫಿ ಫ್ಲಾಸ್ಕು ಹಿಡಿದು ಇಬ್ಬರ ನಡುವೆ ಕೂತಿದ್ದೆ. ಅಂದರೆ ಬೆಂಕಿಗೂ ಬೆಣ್ಣೆಗೂ ನಡುವೆ ತಟ್ಟೆ ಇಟ್ಟ ಹಾಗೆ.

ಗುಬ್ಬಿ ಪೆಟ್ಟಿಗೆ ತೆರೆದು ತಂತಿ ಮೀಟಿದಳು. ಆ ತಣ್ಣನೆ ಗಾಳಿಗೆ ಎಲ್ಲ ತಂತಿಗಳೂ ಇಳಿದುಹೋಗಿದ್ದವು. ಯೋಚನೆಯನ್ನೇ ಮಾಡದೆ, ದಿನಾ ಮಾಡುವ ಹಾಗೆ, ಪಿಟೀಲನ್ನು ತಂಗಿಯ ಕಡೆಗೆ ಚಾಚಿದಳು.

"ಟೀಚರ್."

ತಂಗಿಯೂ ಯೋಚನೆ ಮಾಡದೆ, ದಿನಾ ತೆಗೆದುಕೊಳ್ಳುವ ಹಾಗೆ, ತೆಗೆದುಕೊಂಡಳು. ಮೂಲೆಯಲ್ಲಿ ಕೂತಿದ್ದ ಮೀಸೆಯವನೊಬ್ಬ ಕಮಾನು ಉಜ್ಜುವುದು ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡಿದ. ಅವನಿಗೂ ಗೊತ್ತು, ಎದುರಾಳಿಯ ಕೈಗೆ ಯಾರಾದರೂ ಕತ್ತು ಕೊಡುತ್ತಾರೆಯೇ ಎಂದು.

ನನಗೂ ಗೊತ್ತಿತ್ತು. ತಂಗಿಯೇ ಎಷ್ಟೋ ಸಲ ಹೇಳಿದ್ದಳು: ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ನಿಲ್ಲುತ್ತದೆ, ಒತ್ತದೆ ತಿರುಗಿಸಿದರೆ ಆ ಗಳಿಗೆಗೆ ಸರಿಯಾಗಿಯೇ ಕೇಳಿಸಿ, ಆಮೇಲೆ ಮೆಲ್ಲಗೆ ಜಾರುತ್ತದೆ. ಒಂದು ಕೂದಲಿನಷ್ಟು ಸಾಕು. ಒಳಗೆ ಹೋಗಿ ನಾಲ್ಕು ಗೆರೆ ನುಡಿಸುವಷ್ಟರಲ್ಲಿ ಸ್ವರ ಕುಸಿಯುತ್ತದೆ. ಯಾರು ಯಾರನ್ನು ಕೇಳುತ್ತಾರೆ? ಬಿರಡೆ ಜಾರಿತು ಅನ್ನುತ್ತಾರೆ, ಪಾಪ ಅನ್ನುತ್ತಾರೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ತಂಗಿ ದಪ್ಪ ತಂತಿಯನ್ನು ಶ್ರುತಿ ಮಾಡಿದಳು. ಅದರ ಪಕ್ಕದ್ದನ್ನು ಮಾಡಿದಳು. ಅದರ ಪಕ್ಕದ್ದನ್ನೂ ಮಾಡಿದಳು. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಪ್ರತಿ ಸಲವೂ ಒತ್ತಿತು. ಕೊನೆಯ ತೆಳು ತಂತಿಯ ಬಿರಡೆಗೆ ಕೈ ಹೋಯಿತು. ಅಲ್ಲೇ ನಿಂತಿತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಅವಳ ತುಟಿಯ ಮೇಲೆ ಬೆವರು, ಆ ಚಳಿಯಲ್ಲಿ! ಗುಬ್ಬಿ ಮಾತ್ರ ಕನ್ನಡಿಯಲ್ಲಿ ಜಡೆ ಸರಿಮಾಡಿಕೊಳ್ಳುತ್ತಿದ್ದಳು.

"ಕಾಫಿ ಬೇಕೇನೇ?" ಎಂದೆ. ಏನಾದರೂ ಅನ್ನಬೇಕಿತ್ತಲ್ಲ.

ತಂಗಿ ಕೈ ಹಿಂದೆ ತೆಗೆದಳು. ಪಿಟೀಲನ್ನು ಗುಬ್ಬಿಯ ಕಡೆಗೆ ಚಾಚಿದಳು.

"ಇದನ್ನ ನೀನೇ ಮಾಡ್ಕೋ."

ಗುಬ್ಬಿ ಕನ್ನಡಿಯಿಂದ ತಿರುಗಿದಳು. "ನಾನಾ?"

"ಇವತ್ತಿಂದ ನೀನೇ."

"ಟೀಚರ್, ಈಗಲಾ? ಕಿತ್ತೋದ್ರೆ?"

"ಕಿತ್ತೋದ್ರೆ ಕಿತ್ತೋಗಲಿ. ನಿನ್ನ ಕೈ, ನಿನ್ನ ತಂತಿ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮುಷ್ಟಿಯಲ್ಲಿ ಹಿಡಿದಿಟ್ಟುಕೊಂಡು, ಕೊಡುವುದನ್ನು ಕೊಟ್ಟದ್ದು ಈ ಹೊತ್ತಿನಲ್ಲಿಯೇ! ಬಗ್ಗಿ ಅವಳ ಕಿವಿಯಲ್ಲಿ ಅಂದೆ:

"ಭೇಷ್! ಒಳ್ಳೆ ಮುಹೂರ್ತ ನೋಡಿ ಕೊಟ್ಟೆ ನೋಡು! ಈಜು ಬರದೋಳನ್ನ ಬಾವಿಗೆ ತಳ್ಳಿ, ಇವತ್ತಿಂದ ನೀನೇ ಈಜ್ಕೋ ಅಂದ ಹಾಗೆ."

"ಅಕ್ಕ, ಬಾಯಿ ಮುಚ್ಚು" ಎಂದಳು. "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಅದನ್ನು ಕೇಳಿದ ಮೇಲೆ ನಾನು ಬಾಯಿ ತೆರೆಯಲಿಲ್ಲ. ನಾನು! ಬಾಯಿ ತೆರೆಯಲಿಲ್ಲ! ಅದನ್ನೇ ಒಂದು ಪವಾಡ ಅಂದುಕೋ.

ಗುಬ್ಬಿ ಮುಖವನ್ನು ಒಂದು ಕಡೆ ತಿರುಗಿಸಿಕೊಂಡು, ಕಣ್ಣು ಮುಚ್ಚಿ, ಬಿರಡೆ ಒತ್ತಿದಳು. ತಂತಿ ಕಿರ್ರ್ ಎಂದು ಏರಿತು. ತುಂಬ ಏರಿತು. ಮೀಸೆಯವನು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಅವಳು ಇಳಿಸಿದಳು, ಪಕ್ಕದ ತಂತಿಯ ಜೊತೆ ಮೀಟಿದಳು, ಮತ್ತೆ ಚೂರು ಏರಿಸಿದಳು. ಆಗ ನೋಡು, ಆ ಎರಡು ತಂತಿಗಳ ಸದ್ದು ಒಂದರೊಳಗೊಂದು ಕೂತುಬಿಟ್ಟಿತು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಗುಬ್ಬಿ ಕಣ್ಣು ತೆರೆದಳು. ಮ್ಯಾನೇಜರು ಬೆರಳು ತೋರಿಸಿದರು. ಓಡಿಯೇ ಹೋದಳು.

ಒಳಗೆ ಶುರುವಾಯಿತು. ಹೇಗಿತ್ತು ಎಂದು ನನ್ನನ್ನು ಕೇಳಬೇಡ. ಕೋಣೆಯಲ್ಲಿದ್ದ ಯಾರೂ ಅಷ್ಟು ಹೊತ್ತು ಉಸಿರಾಡಲಿಲ್ಲ ಅಷ್ಟೇ. ಒಂದು ಭಾಗ ಮುಗಿಯಿತು. ಸದ್ದಿಲ್ಲ. ಆಮೇಲೆ ಟಿಂಗ್, ಟಿಂಗ್ ಎಂದು ಮೀಟುವ ಸದ್ದು, ಬಿರಡೆ ತಿರುಗಿಸುವ ಸದ್ದು. ತಂತಿ ಇಳಿದಿತ್ತು. ಅಲ್ಲಿ ಪಿಟೀಲು ಚಾಚಲು ಯಾರ ಕೈಯೂ ಇರಲಿಲ್ಲ. ಅಷ್ಟು ದೊಡ್ಡವರನ್ನೆಲ್ಲ ಪರದೆಯ ಆಚೆ ಕಾಯಿಸಿಕೊಂಡು, ಆತುರವಿಲ್ಲದೆ, ಹುಡುಗಿ ತಾನೇ ಶ್ರುತಿ ಮಾಡಿಕೊಂಡಳು. ಆಮೇಲೆ ಎರಡನೆಯ ಭಾಗ ಎತ್ತಿಕೊಂಡಳು. ನನ್ನ ಪಕ್ಕದಲ್ಲಿ ತಂಗಿ ಎರಡೂ ಮುಷ್ಟಿಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು. ಮಗುವಿಗೆ ಜ್ವರ ಬಂದ ತಾಯಿಯ ಮುಖವೂ ಹಾಗೇ ಇರುತ್ತದೆ, ಸವತಿಯ ಮನೆಯ ಮದುವೆ ನೋಡುವವಳ ಮುಖವೂ ಹಾಗೇ ಇರುತ್ತದೆ. ಯಾವುದು ಅವಳದು ಎಂದು ನನಗೂ ತಿಳಿಯಲಿಲ್ಲ.

ಗುಬ್ಬಿ ಹೊರಗೆ ಬಂದಳು. ತಂಗಿ ಅವಳ ಕಡೆ ನೋಡದೆ ಒಳಗೆ ಹೋದಳು. ಹೋಗಿ ನುಡಿಸಿದ್ದು ಇದೆಯಲ್ಲ, ದೇವರಾಣೆ, ನಲವತ್ತು ವರ್ಷ ಆ ಕಮಾನಿನ ಸದ್ದಿಗೆ ಬೈದುಕೊಂಡು ಬದುಕಿದವಳು ನಾನು, ಅಂಥದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ಸೊಗಸಾದ ಧ್ವನಿ ಇದೆ ಎಂದು ಅವತ್ತೇ ಗೊತ್ತಾಗಿದ್ದು. ಗುಬ್ಬಿ ಬಾಗಿಲಿಗೆ ಕಿವಿ ಒತ್ತಿಕೊಂಡು ನಿಂತವಳು, ಮೊದಲ ಸಲ, ಟೀಚರನ್ನು ಟೀಚರ್ ಎಂದಲ್ಲದೆ ಬೇರೆ ಏನೋ ಎಂದು ನೋಡಿದ ಹಾಗೆ ಕಣ್ಣು ಕಿರಿದು ಮಾಡಿದಳು.

"ದೊಡ್ಡಮ್ಮ," ಎಂದಳು, "ಇದನ್ನ ಟೀಚರ್ ನನಗೆ ಯಾವತ್ತೂ ಹೇಳಿಕೊಟ್ಟೇ ಇಲ್ಲ."

"ಅವಳಿಗೂ ಯಾರೂ ಹೇಳಿಕೊಟ್ಟಿಲ್ಲ ಕಣೇ" ಎಂದೆ.

ಸಂಜೆಯ ಹೊತ್ತಿಗೆ ಮ್ಯಾನೇಜರು ಹೊರಗೆ ಬಂದು ಒಂದು ಹೆಸರು ಹೇಳಿದರು. ಕುರ್ಚಿ ನಮ್ಮವರಿಬ್ಬರಲ್ಲಿ ಒಬ್ಬಳದ್ದಾಯಿತು. ಮೀಸೆಯವನು ಬಂದ ದಾರಿ ಹಿಡಿದ.

ಬಸ್ಸಿನಲ್ಲಿ ಮೂವರೂ ಹಿಂದಿನ ಸೀಟಿನಲ್ಲಿ ಕೂತೆವು. ನನ್ನ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಇಬ್ಬರ ಮಡಿಲಲ್ಲೂ ಪೆಟ್ಟಿಗೆ. ಇಬ್ಬರೂ ಅಳುತ್ತಿದ್ದರು. ಎಷ್ಟು ಅತ್ತರು ಎಂದರೆ ಕಂಡಕ್ಟರು ಸಾವಿನ ಮನೆಯಿಂದ ಬಂದವರು ಎಂದುಕೊಂಡು ಟಿಕೆಟ್ಟೂ ಕೇಳಲಿಲ್ಲ. ಒಬ್ಬಳು ಅಳುತ್ತಿದ್ದದ್ದು ಸಂತೋಷಕ್ಕೆ, ಇನ್ನೊಬ್ಬಳು ಹೊಟ್ಟೆಕಿಚ್ಚಿಗೆ. ಅಳುವಿನಲ್ಲಿ ಯಾವುದು ಯಾವುದು ಎಂದು ಹೇಳಲು ನನಗೆ ಪಿಟೀಲಿನ ಕಿವಿ ಬೇಕಾಗಿಲ್ಲ.

ಕುರ್ಚಿ ಸಿಕ್ಕವಳು ಸಂತೋಷಕ್ಕೆ ಅತ್ತಳು ಎಂದು ನೀನು ಅಂದುಕೊಂಡೆ, ಅಲ್ಲವಾ? ನಿನ್ನ ಮುಖವೇ ಹೇಳುತ್ತಿದೆ. ಅಲ್ಲ ಕಣೇ, ತಿರುವುಮುರುವು. ಕುರ್ಚಿ ಸಿಕ್ಕವಳೇ ಹೊಟ್ಟೆಕಿಚ್ಚಿಗೆ ಅತ್ತಳು.

ಈಗ ಹೇಳು ನೋಡೋಣ, ನನ್ನ ಎಡಕ್ಕೆ ಯಾರಿದ್ದರು, ಬಲಕ್ಕೆ ಯಾರಿದ್ದರು ಅನ್ನುವುದು ಬೇಡ, ಕುರ್ಚಿ ಯಾರದು?